ಲಾವಾರಸದ ಕೆಳಗೆ ಬೆಂಕಿಯ ಕಡಲಿಲ್ಲ

ಮಾನ್ಯ ಸಂಪಾದಕರಿಗೆ,

ಎಲ್ಲಿಯಾದರೂ ಜ್ವಾಲಾಮುಖಿ ಸಿಡಿದ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಒಂದು ಮಾತು ತಪ್ಪದೆ ಕಾಣಿಸಿಕೊಳ್ಳುತ್ತದೆ. ನಾವು ನಿಂತಿರುವ ನೆಲ ಒಂದು ತೆಳುವಾದ ಸಿಪ್ಪೆ, ಅದರ ಕೆಳಗೆ ಲಾವಾರಸದ ಸಮುದ್ರ ಸದಾ ಕುದಿಯುತ್ತಿರುತ್ತದೆ, ಬಿರುಕು ಸಿಕ್ಕ ಕಡೆ ಅದು ಉಕ್ಕಿ ಹೊರಬರುತ್ತದೆ ಎಂಬುದು ಆ ಮಾತಿನ ಸಾರಾಂಶ. ಜೊತೆಗೆ ಅಚ್ಚಾಗುವ ಚಿತ್ರದಲ್ಲಿಯೂ ಭೂಮಿಯ ಒಳಭಾಗಕ್ಕೆ ಕಿತ್ತಳೆ ಬಣ್ಣ ಬಳಿದು ದ್ರವವೆಂಬಂತೆ ತೋರಿಸಲಾಗುತ್ತದೆ. ಹಲವು ವರ್ಷ ಭೂವಿಜ್ಞಾನ ಪಾಠ ಮಾಡಿದವನಾಗಿ ಹೇಳುತ್ತೇನೆ, ಈ ಚಿತ್ರವನ್ನು ಮನಸ್ಸಿನಲ್ಲಿ ಹೊತ್ತು ತರಗತಿಗೆ ಬಂದ ವಿದ್ಯಾರ್ಥಿಗಳಲ್ಲಿ ಅನೇಕರು ಪರೀಕ್ಷೆಯಲ್ಲಿ ಸರಿಯಾದ ಉತ್ತರ ಬರೆದ ಮೇಲೂ ಅದನ್ನು ಬಿಟ್ಟುಕೊಡಲಿಲ್ಲ. ಅದು ತಪ್ಪು ಎನ್ನುವುದಕ್ಕೆ ಇರುವ ಸಾಕ್ಷ್ಯ ಅತ್ಯಂತ ಸೊಗಸಾದದ್ದು, ಮತ್ತು ಅದು ಲಾವಾ ಕಲ್ಲಿನಲ್ಲೇ ಅಡಗಿದೆ. ಅದನ್ನು ಓದುಗರ ಮುಂದಿಡಲು ಅವಕಾಶ ಕೋರುತ್ತೇನೆ.

ಭೂಕವಚದ ಕೆಳಗಿನಿಂದ ಸುಮಾರು 2,890 ಕಿಲೋಮೀಟರ್ ಆಳದವರೆಗೆ ಹಬ್ಬಿರುವ ಪದರಕ್ಕೆ ಮ್ಯಾಂಟಲ್ ಎನ್ನುತ್ತೇವೆ. ಭೂಮಿಯ ಗಾತ್ರದಲ್ಲಿ ಶೇ 84ರಷ್ಟು ಇದೇ ಇದೆ. ಇದು ಘನ ಶಿಲೆ. ಭೂಕಂಪದ ಅಡ್ಡ ಅಲೆಗಳು ದ್ರವದಲ್ಲಿ ಸಾಗಲಾರವು, ಆದರೆ ಮ್ಯಾಂಟಲ್‌ನ ಮೂಲಕ ಅವು ನಿರಾತಂಕವಾಗಿ ಸಾಗಿ, ಅದರ ಕೆಳಗಿನ ದ್ರವರೂಪದ ಹೊರ ಕೇಂದ್ರಗೋಳದ ಅಂಚಿನಲ್ಲಿ ಮಾತ್ರ ನಿಂತುಹೋಗುತ್ತವೆ. ನೂರು ಕಿಲೋಮೀಟರ್ ಆಳದಲ್ಲಿ ಉಷ್ಣತೆ 1,300 ಡಿಗ್ರಿ ಸೆಲ್ಸಿಯಸ್ ಮೀರಿದ್ದರೂ ಮೇಲಿನ ಕಲ್ಲಿನ ಭಾರ ಆ ಶಿಲೆಯನ್ನು ಕರಗಲು ಬಿಡುವುದಿಲ್ಲ. ಅದೇ ಶಿಲೆ ವರ್ಷಕ್ಕೆ ಕೆಲವು ಸೆಂಟಿಮೀಟರ್‌ಗಳಷ್ಟು ನಿಧಾನವಾಗಿ, ಘನವಾಗಿಯೇ ಮೇಲೇರಿ ಬಂದಾಗ ಒತ್ತಡ ಇಳಿದು ಅದರ ಒಂದು ಸಣ್ಣ ಪಾಲು ಕರಗುತ್ತದೆ. ಬೇರೆಡೆ, ಸಾಗರದ ತಳ ಮತ್ತೊಂದು ಫಲಕದ, ಅಂದರೆ ಭೂಮಿಯ ಹೊರಪದರದ ಚಲಿಸುವ ಬೃಹತ್ ತುಂಡಿನ, ಅಡಿಗೆ ಜಾರಿ ಒಳಹೋಗುವಲ್ಲಿ, ಅದು ಒಯ್ದ ನೀರು ಬಿಸಿಶಿಲೆಗೆ ಸೇರಿ ಕರಗುವ ಉಷ್ಣತೆಯನ್ನೇ ತಗ್ಗಿಸುತ್ತದೆ. ಕರಗಿದ ಕಲ್ಲು, ಅಂದರೆ ಶಿಲಾಪಾಕ, ಹುಟ್ಟುವ ಮುಖ್ಯ ಬಗೆಗಳು ಇವೆರಡೇ.

ಅಷ್ಟು ಆಳಕ್ಕೆ ಹೋಗಿ ನೋಡಿದವರು ಯಾರು ಎಂದು ಕೇಳಬಹುದು. ಯಾರೂ ಇಲ್ಲ. ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ ಕೊರೆದ ಅತ್ಯಂತ ಆಳದ ರಂಧ್ರವೂ 12.26 ಕಿಲೋಮೀಟರ್‌ಗೆ ನಿಂತಿತು. ಖಂಡಗಳ ಅಡಿಯಲ್ಲಿ ಮ್ಯಾಂಟಲ್ ಶುರುವಾಗುವುದೇ ಮೂವತ್ತು ನಲವತ್ತು ಕಿಲೋಮೀಟರ್ ಆಳದಲ್ಲಿ. ಹೀಗಾಗಿ ಅಲ್ಲಿಂದ ಮೇಲೆ ಬಂದ ಲಾವಾ ಕಲ್ಲೇ ನಮಗಿರುವ ಪ್ರಮುಖ ಸಾಕ್ಷಿ, ಮತ್ತು ಆ ಸಾಕ್ಷಿಯ ಬಾಯಿ ಬಿಡಿಸುವ ಉಪಾಯವೇ ಐಸೊಟೋಪ್‌ಗಳ ಅಳತೆ.

ಒಂದೇ ಮೂಲವಸ್ತುವಿನ, ತೂಕದಲ್ಲಿ ಮಾತ್ರ ಭಿನ್ನವಾದ ಪರಮಾಣುಗಳೇ ಐಸೊಟೋಪ್‌ಗಳು. ರುಬಿಡಿಯಂ-87 ಕ್ಷಯಿಸಿ ಸ್ಟ್ರಾನ್ಶಿಯಂ-87 ಆಗುತ್ತದೆ. ಅದರ ಅರ್ಧಾಯು, ಅಂದರೆ ಇರುವ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, ಸುಮಾರು 5,000 ಕೋಟಿ ವರ್ಷ. ಶಿಲೆ ಕರಗುವಾಗ ರುಬಿಡಿಯಂ ಬೇಗ ಪಾಕಕ್ಕೆ ಇಳಿಯುತ್ತದೆ, ಸ್ಟ್ರಾನ್ಶಿಯಂ ಅಷ್ಟು ಬೇಗ ಇಳಿಯುವುದಿಲ್ಲ. ಆದರೆ ಸ್ಟ್ರಾನ್ಶಿಯಂನ ಎರಡು ಐಸೊಟೋಪ್‌ಗಳ, ಅಂದರೆ 87 ಮತ್ತು 86ರ ನಡುವೆ ಕರಗುವಿಕೆ ಭೇದ ಮಾಡುವುದಿಲ್ಲ ಎಂದೇ ಹೇಳಬಹುದು. ಡಿಕಾಕ್ಷನ್ ಗಟ್ಟಿಯಾಗಿರಲಿ ತೆಳುವಾಗಿರಲಿ, ಪುಡಿ ಯಾವ ತೋಟದ್ದು ಎಂಬುದು ಬದಲಾಗದಿರುವಂತೆ, ಎಷ್ಟು ಪಾಲು ಕರಗಿದರೂ ಮೂಲ ಶಿಲೆಯ ಅನುಪಾತ ಲಾವಾದಲ್ಲಿ ಹಾಗೆಯೇ ಉಳಿಯುತ್ತದೆ. 1964ರಲ್ಲಿ ಪಾಲ್ ಗ್ಯಾಸ್ಟ್ ಮತ್ತು ಸಂಗಡಿಗರು ಅಟ್ಲಾಂಟಿಕ್ ಸಾಗರದ ಅಸೆನ್ಷನ್ ಮತ್ತು ಗಾಫ್ ದ್ವೀಪಗಳ ಕಲ್ಲುಗಳಲ್ಲಿ ಸೀಸ ಮತ್ತು ಸ್ಟ್ರಾನ್ಶಿಯಂ ಅನುಪಾತಗಳನ್ನು ಅಳೆದು ಎರಡೂ ಬೇರೆ ಬೇರೆ ಎಂದು ತೋರಿಸಿದರು. ಎಲ್ಲವೂ ಒಂದೇ ಕುದಿಯುವ ಕಡಲಿನಿಂದ ಬಂದಿದ್ದರೆ ಅದು ಎಂದೋ ಕಲಸಿ ಒಂದಾಗಿರಬೇಕಿತ್ತು. ಸಾಗರ ಮಧ್ಯದ ಪರ್ವತಸಾಲುಗಳ ಬಸಾಲ್ಟ್ ಎಂಬ ಕರಿಯ ಲಾವಾ ಕಲ್ಲಿನಲ್ಲಿ ಸ್ಟ್ರಾನ್ಶಿಯಂ-87ಕ್ಕೂ 86ಕ್ಕೂ ಇರುವ ಅನುಪಾತ 0.7025ರ ಆಸುಪಾಸಿನಲ್ಲಿದ್ದು, ಹವಾಯಿ ದ್ವೀಪಗಳಲ್ಲಿ ಅದಕ್ಕಿಂತ ಹೆಚ್ಚಿದೆ. ಸಾಗರದ ಆ ಕಡಿಮೆ ಅಂಕಿಯ ಅರ್ಥ, ಅಲ್ಲಿನ ಮ್ಯಾಂಟಲ್ ಬಹು ಹಿಂದೆಯೇ ಒಮ್ಮೆ ತನ್ನ ರುಬಿಡಿಯಂ ಅನ್ನು ಖಂಡಗಳಿಗೆ ಕೊಟ್ಟು, ಒಮ್ಮೆ ಡಿಕಾಕ್ಷನ್ ಇಳಿಸಿ ಉಳಿದ ಪುಡಿಯಂತಾಗಿದೆ ಎಂಬುದು.

ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಸಾಕ್ಷ್ಯ ಯುರೇನಿಯಂನ ಕ್ಷಯಸರಣಿಯದ್ದು. ಯುರೇನಿಯಂ-238ರ ಅರ್ಧಾಯು ಸುಮಾರು 447 ಕೋಟಿ ವರ್ಷ. ಅದರಿಂದ ಮುಂದೆ ಹುಟ್ಟುವ ಥೋರಿಯಂ-230ರದ್ದು ಸುಮಾರು 75,600 ವರ್ಷ, ಅದರಿಂದ ಹುಟ್ಟುವ ರೇಡಿಯಂ-226ರದ್ದು 1,600 ವರ್ಷ. ನಮ್ಮ ಬಯಲುಸೀಮೆಯ ಸರಪಳಿ ಕೆರೆಗಳನ್ನು ನೆನಪಿಸಿಕೊಳ್ಳಿ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅದರ ಕೋಡಿಯ ನೀರು ಮತ್ತೊಂದಕ್ಕೆ ಹರಿಯುತ್ತದೆ. ಎಲ್ಲ ಕೆರೆಗಳೂ ತುಂಬಿದ ಮೇಲೆ ಪ್ರತಿಯೊಂದಕ್ಕೂ ಬಂದಷ್ಟೇ ನೀರು ಹೊರಹೋಗುತ್ತದೆ. ಹಲವು ಲಕ್ಷ ವರ್ಷ ಕದಡದೆ ಇದ್ದ ಶಿಲೆಯಲ್ಲಿಯೂ ಹಾಗೆಯೇ, ಕ್ಷಣಕ್ಕೆ ಎಷ್ಟು ಯುರೇನಿಯಂ ಪರಮಾಣುಗಳು ಕ್ಷಯಿಸುತ್ತವೆಯೋ ಅಷ್ಟೇ ಥೋರಿಯಂ, ಅಷ್ಟೇ ರೇಡಿಯಂ ಪರಮಾಣುಗಳೂ ಕ್ಷಯಿಸುತ್ತಿರುತ್ತವೆ. ಈಗ ಆ ಶಿಲೆ ಪೂರ್ತಿಯಾಗಿ ಕರಗಿ ದ್ರವವಾಯಿತು ಎಂದಿಟ್ಟುಕೊಳ್ಳೋಣ. ಮೂರೂ ಒಟ್ಟಿಗೆ ಪಾಕಕ್ಕೆ ಹೋಗುತ್ತವೆ, ಲೆಕ್ಕ ಸ್ವಲ್ಪವೂ ಕದಲುವುದಿಲ್ಲ. ಆದರೆ ಸಾಗರ ಪರ್ವತಸಾಲಿನ ತಾಜಾ ಬಸಾಲ್ಟುಗಳನ್ನು ಅಳೆದಾಗ ಕಾಣುವುದೇ ಬೇರೆ: ಬಹುತೇಕ ಕಡೆ ಥೋರಿಯಂ-230 ಯುರೇನಿಯಂಗೆ ಸಲ್ಲಬೇಕಾದುದಕ್ಕಿಂತ ಹೆಚ್ಚಿದೆ, ಕೆಲವು ಕಲ್ಲುಗಳಲ್ಲಿ ಈ ಹೆಚ್ಚಳ ಶೇ 20ನ್ನೂ ಮೀರಿದೆ. ಇಬ್ಬರಲ್ಲಿ ಒಬ್ಬರು ಹಿಂದೆ ಉಳಿದಿದ್ದರೆ ಮಾತ್ರ ಹೀಗಾಗಲು ಸಾಧ್ಯ, ಮತ್ತು ಹಿಂದೆ ಉಳಿಯಬೇಕಾದರೆ ಉಳಿಯುವುದಕ್ಕೆ ಘನ ಶಿಲೆ ಅಲ್ಲಿ ಇರಲೇಬೇಕು.

1985ರಲ್ಲಿ ಕೇಂಬ್ರಿಜ್‌ನ ಡಾನ್ ಮೆಕೆಂಜಿ ಅವರು ಇದರ ಲೆಕ್ಕ ಹಾಕಿ ತೋರಿಸಿದ್ದು ಇನ್ನೂ ಬೆರಗುಗೊಳಿಸುತ್ತದೆ. ಯುರೇನಿಯಂ, ಥೋರಿಯಂ ಎರಡೂ ಪಾಕವನ್ನೇ ಬಯಸುವ ಧಾತುಗಳು. ಶಿಲೆಯ ನಡುವೆ ಪಾಕ ಧಾರಾಳವಾಗಿದ್ದರೆ ಎರಡೂ ಸಮನಾಗಿ ಅದರೊಳಕ್ಕೆ ಇಳಿದುಬಿಡುತ್ತವೆ. ಅವೆರಡರ ನಡುವಿನ ಅಲ್ಪ ಭೇದ ಎದ್ದು ಕಾಣಬೇಕಾದರೆ ಯಾವುದೇ ಕ್ಷಣದಲ್ಲಿ ಶಿಲೆಯ ಹರಳುಗಳ ಸಂದುಗಳಲ್ಲಿ ಇರುವ ಪಾಕ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ, ಸಾವಿರದ ಲೆಕ್ಕದಲ್ಲಿ ಹೇಳಬೇಕಾದಷ್ಟು ಸೂಕ್ಷ್ಮವಾಗಿರಬೇಕು. ಅಂದರೆ ಸಾಗರತಳದ ಆರೇಳು ಕಿಲೋಮೀಟರ್ ದಪ್ಪದ ಕವಚ ತೊಟ್ಟುತೊಟ್ಟಾಗಿ ಒಸರಿ ಕೂಡಿದ ಪಾಕದಿಂದ ಆದದ್ದೇ ಹೊರತು ಯಾವುದೋ ಕಡಲಿನಿಂದ ತೋಡಿ ಸುರಿದದ್ದಲ್ಲ. ಇನ್ನೊಂದು ಸುಳಿವೂ ಇಲ್ಲಿದೆ. ಥೋರಿಯಂಗಿಂತ ಯುರೇನಿಯಂ ಅನ್ನು ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುವ ಖನಿಜ ಗಾರ್ನೆಟ್, ಮತ್ತು ಅದು ಮ್ಯಾಂಟಲ್ ಶಿಲೆಯಲ್ಲಿ ಸ್ಥಿರವಾಗಿ ಇರುವುದು ಸುಮಾರು ಅರವತ್ತು ಎಂಬತ್ತು ಕಿಲೋಮೀಟರ್‌ಗಿಂತ ಕೆಳಗೆ. ಹಾಗಾಗಿ ಕರಗುವಿಕೆ ಅಷ್ಟು ಆಳದಲ್ಲಿಯೇ ಆರಂಭವಾಗುತ್ತದೆ ಎಂದು ತಿಳಿಯುತ್ತದೆ. ಕೆಲವು ಲಾವಾಗಳಲ್ಲಿ ರೇಡಿಯಂ-226 ಕೂಡ ಹೆಚ್ಚಿರುತ್ತದೆ. ಆ ಹೆಚ್ಚಳ ಎಂಟು ಸಾವಿರ ವರ್ಷಗಳಲ್ಲಿ ಅಳಿದುಹೋಗುವಂಥದ್ದು, ಆದುದರಿಂದ ಅದು ಬೇರ್ಪಟ್ಟದ್ದು ಭೂವಿಜ್ಞಾನದ ಲೆಕ್ಕದಲ್ಲಿ ನಿನ್ನೆ ಮೊನ್ನೆ. ಎಷ್ಟು ಆಳದಲ್ಲಿ ಬೇರ್ಪಟ್ಟಿತು ಎಂಬ ಬಗ್ಗೆ ತಜ್ಞರಲ್ಲಿ ಚರ್ಚೆ ಮುಗಿದಿಲ್ಲ.

ಫಲಕ ಒಳಜಾರುವ ವಲಯಗಳ ಜ್ವಾಲಾಮುಖಿಗಳಲ್ಲಿ ಎಷ್ಟೋ ಕಡೆ ಯುರೇನಿಯಂ ಥೋರಿಯಂಗಳ ಈ ಲೆಕ್ಕ ತಿರುವುಮುರುವಾಗಿ, ಯುರೇನಿಯಂ ಹೆಚ್ಚಾಗಿ ಕಾಣುತ್ತದೆ. ಏಕೆಂದರೆ ಯುರೇನಿಯಂ ನೀರಿನೊಡನೆ ಹೋಗುತ್ತದೆ, ಥೋರಿಯಂ ಹೋಗುವುದಿಲ್ಲ. ಅಂಥ ಹಲವು ಜ್ವಾಲಾಮುಖಿಗಳ ಲಾವಾದಲ್ಲಿ ಬೆರಿಲಿಯಂ-10 ಸಿಕ್ಕಿರುವುದು 1980ರ ದಶಕದ ದೊಡ್ಡ ಶೋಧ. ಆ ಐಸೊಟೋಪ್ ಹುಟ್ಟುವುದು ವಾತಾವರಣದಲ್ಲಿ, ವಿಶ್ವಕಿರಣಗಳ ಹೊಡೆತದಿಂದ. ಆಕಾಶದಲ್ಲಿ ಹುಟ್ಟಿ, ಮಳೆಯೊಡನೆ ಇಳಿದು, ಕಡಲತಳದ ಕೆಸರಿನಲ್ಲಿ ಕೂತು, ಫಲಕದೊಡನೆ ಆಳಕ್ಕೆ ಹೋದ, ಸುಮಾರು 14 ಲಕ್ಷ ವರ್ಷಗಳ ಅರ್ಧಾಯುವಿನ ಆ ಧಾತು ಪೂರ್ತಿ ಕ್ಷಯಿಸಿಹೋಗುವ ಮುನ್ನವೇ ಲಾವಾದಲ್ಲಿ ಮರಳಿ ಬಂದಿದೆ.

2021ರ ಮಾರ್ಚ್ 19ರಂದು ಐಸ್‌ಲ್ಯಾಂಡಿನ ಫಾಗ್ರಾಡಾಲ್ಸ್‌ಫ್ಯಾಲ್‌ನಲ್ಲಿ, ಸುಮಾರು 800 ವರ್ಷ ಮೌನವಾಗಿದ್ದ ರೇಕ್ಯಾನೆಸ್ ಪರ್ಯಾಯದ್ವೀಪದ ನೆಲ ತೆರೆದಾಗ ವಿಜ್ಞಾನಿಗಳು ದಿನಗಳ ಅಂತರದಲ್ಲಿ ಲಾವಾದ ಮಾದರಿಗಳನ್ನು ಸಂಗ್ರಹಿಸಿದರು. ಕೆಲವೇ ವಾರಗಳಲ್ಲಿ ಅದರ ರಾಸಾಯನಿಕ ಗುಣವೂ ಐಸೊಟೋಪ್ ಅನುಪಾತಗಳೂ ಬದಲಾದವು. ಮ್ಯಾಂಟಲ್‌ನ ಬೇರೆ ಬೇರೆ ಭಾಗಗಳಲ್ಲಿ, ಬೇರೆ ಬೇರೆ ಆಳದಲ್ಲಿ ಕರಗಿದ ಪಾಕಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಒಂದೇ ಸ್ಫೋಟದಲ್ಲಿ ಇದನ್ನು ಕಣ್ಣೆದುರೇ ಅಳೆಯಲು ಸಾಧ್ಯವಾದದ್ದು ಅಪರೂಪ.

ನಮ್ಮ ನಾಡಿಗೂ ಇದಕ್ಕೂ ನೇರ ನಂಟಿದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಸೀಮೆಗಳ ಎರೆಮಣ್ಣಿನ ಕೆಳಗಿನ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನ್ ಲಾವಾ. ಗೋಲಗುಮ್ಮಟದ ಗೋಡೆಗಳೂ ಇದೇ ಕಲ್ಲಿನವು. ಇಷ್ಟು ಹಳೆಯ ಕಲ್ಲಿನಲ್ಲಿ ಥೋರಿಯಂ ಲೆಕ್ಕ ಎಂದೋ ಸಮನಾಗಿರುವುದರಿಂದ ಇಲ್ಲಿ ಬೇರೆ ಐಸೊಟೋಪ್‌ಗಳನ್ನು ಕೇಳಬೇಕು. ಸಹ್ಯಾದ್ರಿಯಲ್ಲಿ ಈ ದಖ್ಖನ್ ಲಾವಾದ ಅಂಬೇನಳಿ ಎಂಬ ಪದರಗಳಲ್ಲಿ ಸ್ಟ್ರಾನ್ಶಿಯಂ ಅನುಪಾತ 0.704ರ ಸಮೀಪವಿದ್ದು ಅವು ಮ್ಯಾಂಟಲ್‌ನ ಗುಣವನ್ನು ಹೆಚ್ಚೂಕಡಿಮೆ ಉಳಿಸಿಕೊಂಡಿವೆ. ಬುಶೆ ಎಂಬ ಪದರಗಳಲ್ಲಿ ಅದು 0.713ನ್ನೂ ದಾಟುತ್ತದೆ, ಏಕೆಂದರೆ ಆ ಪಾಕ ಮೇಲೇರುವಾಗ ಖಂಡದ ಹಳೆಯ ಶಿಲೆಯನ್ನು ತನ್ನೊಳಗೆ ಕರಗಿಸಿಕೊಂಡು ಬಂದಿದೆ. ಈ ಭೇದ ತಿಳಿಯದೆ ಸಿಕ್ಕ ಕಲ್ಲನ್ನೆಲ್ಲ ಅಳೆದು ಮ್ಯಾಂಟಲ್ ಹೀಗಿದೆ ಎಂದುಬಿಟ್ಟರೆ ಅದು ಮೋಸಹೋದಂತೆ.

ನನ್ನ ಕೋರಿಕೆ ಸಣ್ಣದು. ಮುಂದಿನ ಬಾರಿ ಜ್ವಾಲಾಮುಖಿಯ ವರದಿ ಪ್ರಕಟಿಸುವಾಗ, ಆಳದ ಬಿಸಿಶಿಲೆಯ ಒಂದು ಅಲ್ಪಭಾಗ ಕರಗಿ ಮೇಲೆ ಬಂದಿದೆ ಎಂದು ದಯವಿಟ್ಟು ಬರೆಯಿರಿ. ಇದಕ್ಕೆ ಹೆಚ್ಚು ಜಾಗವೇನೂ ಬೇಡ. ಮತ್ತು ಭೂಮಿಯ ಸೀಳುಚಿತ್ರ ಬಿಡಿಸುವ ಕಲಾವಿದರಿಗೆ ಒಂದು ಮಾತು ತಿಳಿಸಿ: ಮ್ಯಾಂಟಲ್‌ನ ಮೇಲ್ಭಾಗದ ಶಿಲೆಯ ತುಣುಕುಗಳನ್ನು ಲಾವಾ ಎಷ್ಟೋ ಸಲ ಹೊತ್ತು ತಂದಿದೆ, ಅವುಗಳಲ್ಲಿ ತುಂಬಿರುವುದು ಆಲಿವೀನ್ ಎಂಬ ಖನಿಜ, ಅದರ ಬಣ್ಣ ಹಸಿರು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೂವಿಜ್ಞಾನ ಉಪನ್ಯಾಸಕ,
ವಿಜಯಪುರ