ಮನೆಯಿಂದ ಕೆಲಸ: ಫೋಟೊ ಬೇಡ, ಪಠ್ಯ ಕಳಿಸಿ

ಮಾನ್ಯರೇ,

ಐದಾರು ಜನರ ಲೆಕ್ಕಪತ್ರ ಕಚೇರಿ, ಸಣ್ಣ ಮುದ್ರಣಾಲಯ, ಆನ್‌ಲೈನ್ ಸೀರೆ ವ್ಯಾಪಾರ ಇಂಥಲ್ಲೆಲ್ಲ ಈಗ ಬಹಳಷ್ಟು ಕೆಲಸ ಮನೆಯಿಂದಲೇ, ವಾಟ್ಸ್‌ಆ್ಯಪ್ ಗುಂಪಿನಲ್ಲೇ ಸಾಗುತ್ತದೆ. ಬಸ್ಸು ಹತ್ತುವ, ಮೆಟ್ಟಿಲೇರುವ ತಾಪತ್ರಯ ಇಲ್ಲದ ಇಂಥ ಕೆಲಸ ಅಂಗವಿಕಲರಿಗೆ ಸುಲಭವಾಗಿ ಸಿಗಬೇಕಿತ್ತು. ‘ಅದಕ್ಕೆಲ್ಲ ದುಬಾರಿ ಸಾಫ್ಟ್‌ವೇರ್ ಬೇಕಲ್ಲ’ ಎಂದು ಮಾಲೀಕರು ಹಿಂಜರಿಯುತ್ತಾರೆ. ಕಣ್ಣು ಕಾಣದವರಿಗೆ ಪರದೆಯ ಬರಹವನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್ ಆದ ಎನ್‌ವಿಡಿಎ ಉಚಿತ. ವಿಂಡೋಸ್‌ನಲ್ಲಿ ಕನ್ನಡವನ್ನೂ ಓದುತ್ತದೆ. ದನಿ ಯಂತ್ರದ್ದೇ, ಕಿವಿ ಪಳಗಿದವರಿಗೆ ಸಾಕು. ಅದು ಸೋಲುವುದು ನಾವು ಕಳಿಸುವ ಕಡತಗಳ ಮುಂದೆ.

ಮೊದಲನೆಯದು ಹಳೆಯ ಫಾಂಟ್. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ‘ನುಡಿ’, ‘ಬರಹ’ ಫಾಂಟ್‌ಗಳಲ್ಲಿ ಪರದೆಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಹಳೆಯ ನುಡಿಯ ‘ಕನ್ನಡ’ ಎಂಬ ಪದ ಸ್ಕ್ರೀನ್ ರೀಡರ್ ಪಾಲಿಗೆ ‘ಪಿ, ಎ, ಪೌಂಡ್...’! ಕಡತದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಕನ್ನಡವೇ ಬಂದರೆ ಸರಿ, ಚಿಹ್ನೆಗಳು ಬಂದರೆ ಪರಿವರ್ತಿಸಬೇಕು. ಪರಿವರ್ತಕ ನುಡಿ, ಬರಹ ತಂತ್ರಾಂಶಗಳ ಜೊತೆಯಲ್ಲೇ ಬರುತ್ತದೆ. ಒಂದು ಎಚ್ಚರಿಕೆ: ಕಡತದಲ್ಲಿ ಇಂಗ್ಲಿಷ್ ಬೆರೆತಿದ್ದರೆ ಅದನ್ನೂ ಕನ್ನಡವೆಂದೇ ತಿಳಿದು ಕಲಸುಮೇಲೋಗರ ಮಾಡಿಬಿಡುತ್ತದೆ. ಇ–ಮೇಲ್ ವಿಳಾಸ, ಜಿಎಸ್‌ಟಿ ಸಂಖ್ಯೆಗಳನ್ನು ಮೂಲದೊಂದಿಗೆ ತಾಳೆ ನೋಡಲೇಬೇಕು. ಹೊಸ ಕಡತಗಳನ್ನು ವಿಂಡೋಸ್‌ನಲ್ಲೇ ಇರುವ ನಿರ್ಮಲಾ ಯುಐನಂಥ ಯೂನಿಕೋಡ್ ಫಾಂಟಿನಲ್ಲಿ ಬರೆದರೆ ಈ ರಗಳೆಯೇ ಇಲ್ಲ; ಕಡತದೊಳಗೆ ಹುಡುಕುವುದೂ ಎಲ್ಲರಿಗೂ ಸಲೀಸು.

ಎರಡನೆಯದು ಬಿಲ್ಲಿನ ಫೋಟೊ. ಗುಂಪಿಗೆ ಬಿದ್ದ ಚಿತ್ರ ಕಾಣದವರಿಗೆ ಬರೀ ‘ಫೋಟೊ’. ಕೆಳಗೆ ಗ್ರಾಹಕರ ಹೆಸರು, ಬಿಲ್ ಸಂಖ್ಯೆ, ಮೊತ್ತ ಇಷ್ಟನ್ನು ಟೈಪ್ ಮಾಡಿದರೆ ಅವರ ಕೆಲಸ ನಡೆಯುತ್ತದೆ. ಉದ್ದದ ಮುದ್ರಿತ ಕಾಗದವಾದರೆ 300 ಡಿಪಿಐ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ, ಅಕ್ಷರಗಳು ಪಠ್ಯವಾಗುತ್ತವೆ. ಕನ್ನಡ ಅಂಕಿಯ ಸೊನ್ನೆಗೂ ಅನುಸ್ವಾರಕ್ಕೂ ರೂಪ ಒಂದೇ ಆದ್ದರಿಂದ ಮೊತ್ತಗಳು ತಪ್ಪಬಹುದು. ಕೈಬರಹವನ್ನಂತೂ ನಂಬುವಂತಿಲ್ಲ. ಎಕ್ಸೆಲ್‌ನಲ್ಲಿ ಬಾಕಿಗೆ ಕೆಂಪು ಬಳಿದು ಸುಮ್ಮನಾಗಬೇಡಿ, ‘ಸ್ಥಿತಿ’ ಎಂಬ ಕಾಲಂ ಸೇರಿಸಿ ‘ಬಾಕಿ’ ಎಂದೇ ಬರೆಯಿರಿ.

ಕಿವುಡ ಸಹೋದ್ಯೋಗಿಗೆ ಇದೇ ತೊಂದರೆ ತಿರುವುಮುರುವು: ವಾಯ್ಸ್ ನೋಟ್. ಸೂಚನೆ ಹೇಳಿದವರೇ ಎರಡು ಸಾಲು ಬರೆದೂ ಹಾಕಲಿ. ಟೈಪಿಂಗ್ ಬೇಸರವಾದರೆ ಮೊಬೈಲ್‌ನ ಗೂಗಲ್ ಕೀಲಿಮಣೆ ಜಿಬೋರ್ಡ್‌ನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಬಹುದು.

ವಿಡಿಯೊ ಸಭೆಯಲ್ಲಿ ಹಂಚಿಕೊಂಡ ಪರದೆ ಸ್ಕ್ರೀನ್ ರೀಡರ್‌ಗೆ ಬರೀ ಚಿತ್ರ. ಕಡತವನ್ನು ಹಿಂದಿನ ದಿನವೇ ಕಳಿಸಿ. ಚಾಟ್‌ನಲ್ಲಿ ಹತ್ತು ಜನ ‘ಓಕೆ ಸರ್’ ಎಂದರೆ ಸ್ಕ್ರೀನ್ ರೀಡರ್ ಹತ್ತನ್ನೂ ಓದುತ್ತ ಕೂರುತ್ತದೆ, ಮಾತನಾಡುವವರ ದನಿ ಮುಳುಗಿಹೋಗುತ್ತದೆ (ಈ ಚಾಳಿ ನಿಂತರೆ ಉಳಿದವರಿಗೂ ಉಪಕಾರವೇ). ನೆಟ್‌ವರ್ಕ್ ಸಾಲದೆಂದು ಎಲ್ಲರ ವಿಡಿಯೊ ಆಫ್ ಮಾಡಿಸುವುದುಂಟು. ತುಟಿಚಲನೆ ನೋಡಿ ಅರ್ಥಮಾಡಿಕೊಳ್ಳುವವರು ಅಲ್ಲಿಗೆ ಸಭೆಯಿಂದ ಹೊರಗೆ. ಮಾತನಾಡುವವರ ವಿಡಿಯೊವಾದರೂ ಇರಲಿ. ಲೈವ್ ಟ್ರಾನ್ಸ್‌ಕ್ರೈಬ್‌ನಂಥ ಆ್ಯಪ್ ಕನ್ನಡ ಮಾತನ್ನು ಬರಹ ಮಾಡಿಕೊಡುತ್ತದೆ. ನಮ್ಮ ಇಂಗ್ಲಿಷ್ ಬೆರೆತ ಮಾತಿಗೆ ಅದು ತಡವರಿಸುವುದರಿಂದ ದಿನಾಂಕ, ಮೊತ್ತ, ಹೆಸರುಗಳನ್ನು ಚಾಟ್‌ನಲ್ಲಿ ಬರೆಯುವುದೇ ಕ್ಷೇಮ.

ಇದೆಲ್ಲ ಮಾಲೀಕರ ಔದಾರ್ಯಕ್ಕೆ ಬಿಟ್ಟ ವಿಷಯವೂ ಅಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ–2016ರಂತೆ ಖಾಸಗಿ ಸಂಸ್ಥೆಗಳಿಗೂ ಸಮಾನ ಅವಕಾಶ ನೀತಿ ಇರಬೇಕು. 2017ರ ನಿಯಮಗಳ 8ನೇ ನಿಯಮದ ಪ್ರಕಾರ, 20ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಯೂ ತಾನು ಒದಗಿಸುವ ಸೌಕರ್ಯಗಳನ್ನು ಆ ನೀತಿಯಲ್ಲಿ ಹೇಳಬೇಕು. ಸಣ್ಣ ಉದ್ಯಮಿಗಳು ಇದಕ್ಕಾಗಿ ವಕೀಲರನ್ನು ಹುಡುಕಿಕೊಂಡು ಹೋಗುವಂತಾಗಬಾರದು. ಜಿಲ್ಲಾ ಕೈಗಾರಿಕಾ ಕೇಂದ್ರಗಳು, ಸಣ್ಣ ಕೈಗಾರಿಕೆಗಳ ರಾಜ್ಯ ಸಂಘ ಕಾಸಿಯಾದಂಥ ಸಂಘಗಳು ಈ ನೀತಿಯ ಒಂದು ಪುಟದ ಕನ್ನಡ ಮಾದರಿ ಸಿದ್ಧಪಡಿಸಿ ಹಂಚಲಿ. ಕಡತ ಯಾವ ರೂಪದಲ್ಲಿರಬೇಕು, ಸಭೆಯ ವಿವರ ಎಷ್ಟು ಮುಂಚೆ ತಲುಪಬೇಕು, ತೊಂದರೆಯಾದರೆ ಯಾರಿಗೆ ಹೇಳಬೇಕು ಎಂಬ ಮೂರು ಅಂಶಗಳಾದರೂ ಅದರಲ್ಲಿರಲಿ.

– ಸಹಾಯಕ ತಂತ್ರಜ್ಞಾನ ತರಬೇತುದಾರರು, ಮೈಸೂರು