ಪಠ್ಯದಲ್ಲೇ ಇಲ್ಲದ ಪಾಠಕ್ಕೆ ಹೋದ ಮೂರು ದಿನ

ಮಾನ್ಯರೇ,

ನಾನು ಬ್ರಹ್ಮಾವರದಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಅಕ್ಕನ ಮಗಳು ಈ ಸಲ ಸಿಇಟಿ ಬರೆದಳು. ದ್ವಿತೀಯ ಪಿಯು ಪರೀಕ್ಷೆ ಮುಗಿದ ಮೇಲೆ ಅವಳಿಗೆ ಸಿಕ್ಕಿದ್ದು 23 ದಿನ. ಅಕ್ಕ ಬೀಡಿ ಕಟ್ಟಿ ಕೂಡಿಟ್ಟ ದುಡ್ಡಲ್ಲಿ ಉಡುಪಿಯ ಒಂದು ಕಡೆ ಕ್ರ್ಯಾಶ್ ಕೋರ್ಸಿಗೆ ಸೇರಿಸಿದ್ದಳು.

ಐದನೇ ದಿನ ರಾತ್ರಿ ಅಂಗಡಿ ಬಾಗಿಲು ಹಾಕಿ ಅವರ ಮನೆಗೆ ಹೋದರೆ ಹುಡುಗಿ ಅಳುತ್ತಾ ಕೂತಿದ್ದಳು. “ಮಾಮ, ಈ ಯೂನಿಟ್ ಸೆಲ್ ಲೆಕ್ಕ ತಲೆಗೇ ಹೋಗ್ತಿಲ್ಲ. ಮೂರು ದಿನ ಆಯ್ತು. ಕಾಲೇಜಲ್ಲಿ ಇದನ್ನು ಮಾಡಿಯೇ ಇಲ್ಲ” ಎಂದಳು. ಅವರು ಕೊಟ್ಟ ಕೆಮಿಸ್ಟ್ರಿ ನೋಟ್ಸ್ ತೆಗೆದು ನೋಡಿದೆ. ಮೊದಲ ಪಾಠವೇ ಸಾಲಿಡ್ ಸ್ಟೇಟ್, ಈ ಯೂನಿಟ್ ಸೆಲ್ ಬರುವುದು ಅದರಲ್ಲೇ. ಮುಂದೆ ಸರ್ಫೇಸ್ ಕೆಮಿಸ್ಟ್ರಿ, ಅದಿರಿನಿಂದ ಲೋಹ ತೆಗೆಯುವ ಪಾಠ, ಪಾಲಿಮರ್. ಅವಳ ಪಠ್ಯಪುಸ್ತಕ ತಿರುವಿದರೆ ಇವುಗಳಲ್ಲಿ ಒಂದೂ ಇಲ್ಲ!

ಕೇಂದ್ರದ ಪಠ್ಯಪುಸ್ತಕ ತಯಾರಿಸುವ ಎನ್‌ಸಿಇಆರ್‌ಟಿ ಪಠ್ಯ ಕಡಿಮೆ ಮಾಡಿದಾಗಲೇ ಇವೆಲ್ಲ ಹೋಗಿವೆ. 2023-24ರಿಂದ ನಮ್ಮ ಪಿಯುವಿನಲ್ಲೂ ಇಲ್ಲ. ಈಗ ದ್ವಿತೀಯ ಪಿಯು ಕೆಮಿಸ್ಟ್ರಿಯಲ್ಲಿ ಇರುವುದು 10 ಪಾಠ, ಪ್ರಥಮ ಪಿಯುವಿನಲ್ಲಿ 9. ಆದರೂ ಹಳೇ ನೋಟ್ಸನ್ನೇ ಜೆರಾಕ್ಸ್ ಮಾಡಿ ಮಕ್ಕಳ ಕೈಗೆ ಕೊಡುತ್ತಾರೆ. ಇಡೀ ವರ್ಷ ಸಮಯ ಇದ್ದರೆ ಹೆಚ್ಚಿಗೆ ಕಲಿತದ್ದು ವ್ಯರ್ಥ ಅಲ್ಲ, ಒಪ್ಪುತ್ತೇನೆ. 23 ದಿನದಲ್ಲಿ 3 ದಿನ ಹೋದರೆ ಅದು ಎಷ್ಟು ದೊಡ್ಡ ಪೆಟ್ಟು, ಯೋಚಿಸಿ. ಅದಕ್ಕಿಂತ ಜಾಸ್ತಿ ನನಗೆ ಬೇಜಾರಾದದ್ದು, ತನಗೆ ಕೆಮಿಸ್ಟ್ರಿ ಬರುವುದೇ ಇಲ್ಲ ಅಂತ ಹುಡುಗಿ ನಂಬಿಬಿಟ್ಟಿದ್ದಳು.

ಆ ನೋಟ್ಸ್ ಮುಚ್ಚಿಟ್ಟು ಪಠ್ಯಪುಸ್ತಕಕ್ಕೇ ಮರಳಿದೆವು. ಬೆಳಿಗ್ಗೆ ಎಲೆಕ್ಟ್ರೋಕೆಮಿಸ್ಟ್ರಿ, ಕೈನೆಟಿಕ್ಸ್ ಲೆಕ್ಕ. ರಾತ್ರಿ ಆರ್ಗಾನಿಕ್. ಕ್ಯಾನಿಜಾರೋ, ಆಲ್ಡಾಲ್, ಹಾಫ್‌ಮನ್ ಅಂತ ಹೆಸರಿರುವ ರಿಯಾಕ್ಷನ್‌ಗಳನ್ನೆಲ್ಲ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದಳು. ಪಾಠದ ಕೊನೆಯ ಪ್ರಶ್ನೆಗಳನ್ನು ಪುಸ್ತಕ ಮುಚ್ಚಿ ಬಿಡಿಸಿದಳು.

ಕೊನೇ ವಾರ ಹಳೇ ಪ್ರಶ್ನೆಪತ್ರಿಕೆ ಹಿಡಿದೆವು. 2024ರ ಸಿಇಟಿಯಲ್ಲಿ ಪಠ್ಯದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟದ್ದು ನೆನಪಿರಬಹುದು. ಅದರಲ್ಲಿ ಕೆಮಿಸ್ಟ್ರಿಯವೇ 15. ಅವನ್ನು ಕೆಂಪು ಪೆನ್ನಲ್ಲಿ ಹೊಡೆದು ಹಾಕಿದೆ. ಸಿಇಟಿಯಲ್ಲಿ ಒಂದೊಂದು ವಿಷಯದ 60 ಪ್ರಶ್ನೆಗೆ 80 ನಿಮಿಷ, ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡ್. ಉಳಿದ 45 ಪ್ರಶ್ನೆಗೆ ಸರಿಯಾಗಿ ಒಂದು ಗಂಟೆ. ಗಡಿಯಾರ ಎದುರಿಗಿಟ್ಟು ಕೂತವಳು ಮೊದಲ ಸಲ 31 ಮುಟ್ಟಿದಳು, ಮೂರನೇ ಸಲ 44. ತಪ್ಪು ಉತ್ತರಕ್ಕೆ ಸಿಇಟಿಯಲ್ಲಿ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬೇಡ ಅಂತ ದಿನಾ ಹೇಳುತ್ತಿದ್ದೆ.

ನೀಟ್ ಕೂಡ ಬರೆಯುವ ಮಕ್ಕಳ ಪಾಡು ಇನ್ನೂ ಗೋಜಲು. ಅಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತದೆ. ಪಠ್ಯಪುಸ್ತಕದಿಂದ ತೆಗೆದ ಪಿ-ಬ್ಲಾಕ್ ಪಾಠ ನೀಟ್ ಪಟ್ಟಿಯಲ್ಲಿ ಇದೆ, ಸಾಲಿಡ್ ಸ್ಟೇಟ್ ಇಲ್ಲ. ಮನೆಯಲ್ಲಿ ತಿಳಿದವರು ಇಲ್ಲದ ಮಗು ಇದನ್ನೆಲ್ಲ ಯಾರನ್ನು ಕೇಳಬೇಕು?

ಪರೀಕ್ಷೆ ಸಮಯದಲ್ಲಿ ಪತ್ರಿಕೆಗಳಲ್ಲಿ ಮಾದರಿ ಪ್ರಶ್ನೆಗಳು ಬರುತ್ತವೆ. ನಮ್ಮೂರ ಎಷ್ಟೋ ಮಕ್ಕಳು ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಮುಂದಿನ ಮಾರ್ಚಿನಲ್ಲಿ ಆ ಪುಟದ ಮೇಲ್ಗಡೆ, ಸಿಇಟಿಗೆ ಯಾವ ಪಾಠ ಉಂಟು, ನೀಟ್‌ಗೆ ಯಾವುದು ಉಂಟು ಅಂತ ಒಂದು ಪಟ್ಟಿ ಹಾಕಿ. ಹಳೇ ಪ್ರಶ್ನೆ ಕೊಟ್ಟರೆ, ತೆಗೆದ ಪಾಠದ್ದಕ್ಕೆ ಗುರುತು ಹಾಕಿ. ಪಿಯು ಕಾಲೇಜಿನವರೂ ಕೊನೇ ಪರೀಕ್ಷೆಯ ದಿನ ಇದೇ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಲಿ. ಕ್ರ್ಯಾಶ್ ಕೋರ್ಸ್ ನಡೆಸುವವರು ಜೆರಾಕ್ಸಿಗೆ ಕೊಡುವ ಮೊದಲು ಈಗಿನ ಪಠ್ಯಪುಸ್ತಕ ಒಮ್ಮೆ ತೆರೆದು ನೋಡಲಿ.

– ಓದುಗ, ಬ್ರಹ್ಮಾವರ