ಪಿಯು ಕಾಲೇಜಿನ ಎದುರಿನ ಮದ್ಯದಂಗಡಿ: ನಮ್ಮ ಐದನೇ ಮನವಿ

ಇವರಿಗೆ,
ಅಬಕಾರಿ ಉಪ ಆಯುಕ್ತರು
ಪ್ರತಿ: ಪೌರಾಯುಕ್ತರು, ನಗರಸಭೆ

ಮಾನ್ಯರೇ,

ವಿಷಯ: ಕಾಲೇಜು ಹುಡುಗರಿಗೆ ಮದ್ಯ ಮಾರುತ್ತಿರುವ ಸಿಎಲ್-2 (ಚಿಲ್ಲರೆ ಮದ್ಯ ಮಾರಾಟ) ಅಂಗಡಿಯ ಪರವಾನಗಿಯನ್ನು ಜುಲೈ 1ರಿಂದ ನವೀಕರಿಸಬಾರದೆಂದು ಕೋರಿ.

ಉಲ್ಲೇಖ: ನಮ್ಮದೇ ಹಿಂದಿನ ನಾಲ್ಕು ಮನವಿಗಳು. ಮೂರನೆಯದು ಫೈಲಿನಲ್ಲಿ ಸಿಗುತ್ತಿಲ್ಲ ಎಂದಿರಿ. ಅದರ ಜೆರಾಕ್ಸ್ ಎರಡು ಇಟ್ಟಿದ್ದೇವೆ.

ಅಂಗಡಿ ಎಲ್ಲಿದೆ ಎಂದು ಮತ್ತೆ ಬರೆಯುವುದಿಲ್ಲ. ಇಲಾಖೆಯ ಜೀಪು ಅದರ ಮುಂದೆ ನಿಲ್ಲುವುದನ್ನು ಎಲ್ಲರೂ ನೋಡಿದ್ದೇವೆ.

21 ತುಂಬದವರಿಗೆ ಮದ್ಯ ಮಾರಬಾರದು ಎಂದು ನಿಯಮವಿದೆ. 2023ರಲ್ಲಿ ಅದನ್ನು 18ಕ್ಕೆ ಇಳಿಸಲು ಹೊರಟಿದ್ದ ಸರ್ಕಾರವೇ ಜನರ ವಿರೋಧ ನೋಡಿ ಹಿಂದೆ ಸರಿಯಿತು. ಈ ಕೌಂಟರಿನಲ್ಲಿ ಮಾತ್ರ ವಯಸ್ಸು ಕೇಳುವವರಿಲ್ಲ. ಸಂಜೆ ಕಾಲೇಜು ಬಿಟ್ಟ ಹತ್ತು ನಿಮಿಷಕ್ಕೆ ಬ್ಯಾಗು ಹೊತ್ತ ಹುಡುಗರು ಅಲ್ಲಿರುತ್ತಾರೆ. 90 ಎಂಎಲ್ ಟೆಟ್ರಾ ಪ್ಯಾಕು ಜೂಸಿನ ಡಬ್ಬಿಯಂತೆಯೇ ಕಾಣುತ್ತದೆ, ಪ್ಯಾಂಟಿನ ಜೇಬಲ್ಲಿ ಹಿಡಿಯುತ್ತದೆ. ಪಕ್ಕದ ಖಾಲಿ ಸೈಟೇ ಅವರ ಬಾರು. ಸಿಎಲ್-2 ಅಂದರೆ ಪಾರ್ಸಲ್ ಮಾತ್ರ, ಅಲ್ವಾ? ಮತ್ತೆ ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್ ಅಂಗಡಿಯವರೇ ಏಕೆ ಕೊಡುತ್ತಾರೆ?

ಮೊದಲ ಮನವಿಗೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ಅಳತೆಗೆ ಬಂದರು. ಶಾಲೆ ಕಾಲೇಜಿನಿಂದ 100 ಮೀಟರ್ ಒಳಗೆ ಅಂಗಡಿ ಇರಬಾರದಲ್ಲವೇ, ಡಿವೈಡರ್ ಸುತ್ತು ಹಾಕಿ 112 ಎಂದು ಬರೆದುಕೊಂಡು ಹೋದರು. ಡಿವೈಡರ್ ಒಡೆದು ಎರಡು ವರ್ಷವಾಗಿದೆ, ಊರೇ ಆ ಸಂದಿಯಲ್ಲಿ ದಾಟುತ್ತದೆ. ಹಾಗೆ ಅಳೆದರೆ ನಮ್ಮ ಟೇಪಿಗೆ 64 ಬಂತು. ಮೂರನೆಯದರ ಕಥೆ ಮೇಲೆ ಹೇಳಿದೆವು. ನಾಲ್ಕನೆಯದು ಕೊಟ್ಟ ಮರುದಿನವೇ, ಸಹಿ ಹಾಕಿದ್ದ ಅಜ್ಜಿಯೊಬ್ಬರ ಮನೆಗೆ ಅಂಗಡಿಯ ಹುಡುಗರು ಬಂದು "ಯಾಕಮ್ಮಾ ನಿಮಗೆ ಈ ವಯಸ್ಸಲ್ಲಿ ಇದೆಲ್ಲ" ಎಂದರು. ಸಹಿಗಳ ಪಟ್ಟಿ ಅವರ ಕೈಗೆ ಹೇಗೆ ಹೋಯಿತು? ಇದಕ್ಕಾದರೂ ಉತ್ತರ ಕೊಡಿ.

ಕಳೆದ ತಿಂಗಳು ಹದಿನಾರರ ಹುಡುಗನೊಬ್ಬ ಚರಂಡಿ ಪಕ್ಕ ಪ್ರಜ್ಞೆ ತಪ್ಪಿ ಬಿದ್ದಿದ್ದ. ಆಟೋದವರು ಆಸ್ಪತ್ರೆಗೆ ಹಾಕದಿದ್ದರೆ ವಾಂತಿ ಉಸಿರಿಗೆ ಸಿಕ್ಕಿ ಹೋಗುತ್ತಿದ್ದ. ಮೆದುಳು ಇಪ್ಪತ್ತೈದರ ಆಸುಪಾಸಿನ ತನಕ ಬೆಳೆಯುತ್ತಿರುತ್ತದೆ. ಎಳೆ ವಯಸ್ಸಲ್ಲಿ ಶುರು ಮಾಡಿದವರಿಗೆ ಚಟ ಅಂಟುವುದೂ ಜಾಸ್ತಿ. ಮದ್ಯಕ್ಕೆ ಸುರಕ್ಷಿತ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಇದೆಲ್ಲ ನಿಮಗೆ ಗೊತ್ತಿಲ್ಲದ್ದಲ್ಲ. ನಶಾಮುಕ್ತಿ ಜಾಥಾಕ್ಕೆ ಅದೇ ಹುಡುಗರನ್ನು ಬಿಸಿಲಲ್ಲಿ ಬೋರ್ಡು ಹಿಡಿಸಿ ನಡೆಸಿದ್ದೀರಿ.

ಪೌರಾಯುಕ್ತರಿಗೂ ಒಂದು ಮಾತು. ಬಸ್ ಸ್ಟಾಪಿನ ಮೇಲಿನ ಹೋರ್ಡಿಂಗಿನಲ್ಲಿ ಸೋಡಾ ಜಾಹೀರಾತಿದೆ. ಹೆಸರು, ಬಣ್ಣ, ಅಕ್ಷರ ಎಲ್ಲ ವಿಸ್ಕಿಯದ್ದೇ. ಆ ಸೋಡಾವನ್ನು ಊರಿನ ಯಾವ ಅಂಗಡಿಯಲ್ಲೂ ನಾವು ಕಂಡಿಲ್ಲ. ಟಿವಿಯಲ್ಲಿ ಮದ್ಯದ ಪರೋಕ್ಷ ಪ್ರಚಾರಕ್ಕೂ ನಿಷೇಧವಿದೆ, ನಮ್ಮ ಬಸ್ ಸ್ಟಾಪಿನಲ್ಲಿ ಅದಕ್ಕೆ ನಗರಸಭೆಯೇ ಬಾಡಿಗೆ ವಸೂಲಿ ಮಾಡುತ್ತದೆ. ರಾತ್ರಿ ಹೋರ್ಡಿಂಗಿಗೆ ನಾಲ್ಕು ಫೋಕಸ್ ಲೈಟ್, ಕೆಳಗಿನ ಬೀದಿದೀಪ ಆರು ತಿಂಗಳಿಂದ ಇಲ್ಲ. ಟೆಟ್ರಾ ಪ್ಯಾಕು ತುಂಬಿ ಚರಂಡಿ ಕಟ್ಟಿದೆ. ಅಂಗನವಾಡಿ ಗೋಡೆಯ ವಾಸನೆಗೆ ಮಕ್ಕಳು ಕಿಟಕಿ ಮುಚ್ಚಿಕೊಂಡು ಉಪ್ಪಿಟ್ಟು ತಿನ್ನುತ್ತಾರೆ.

ಪರವಾನಗಿ ಜೂನ್ 30ಕ್ಕೆ ಮುಗಿಯುತ್ತದೆ. ನವೀಕರಿಸಬೇಡಿ. ಅಳತೆಯನ್ನು ನಮ್ಮೆದುರೇ ಮತ್ತೆ ಮಾಡಿಸಿ. 18ರ ಒಳಗಿನವರಿಗೆ ಮದ್ಯ ಕೊಟ್ಟರೆ ಬಾಲನ್ಯಾಯ ಕಾಯ್ದೆ 2015ರ ಕಲಂ 77ರಂತೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ ಇದೆ. ಒಂದು ಕೇಸಾದರೂ ಹಾಕಿಸಿ. ಹೋರ್ಡಿಂಗ್ ಇಳಿಸಿ, ದೀಪ ಹಾಕಿಸಿ.

ಲಿಖಿತ ಉತ್ತರ ಬೇಕು. 'ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು' ಎಂಬ ಸಾಲು ಬೇಡ, ಜನಸ್ಪಂದನ ಸಭೆಯಲ್ಲಿ ಕೊಟ್ಟ ಅಂಥದ್ದು ನಮ್ಮಲ್ಲಿ ಆಗಲೇ ಎರಡಿವೆ.

ಇಂತಿ,
ಬಡಾವಣೆಯ ನಿವಾಸಿಗಳು
(ಸಹಿಗಳು ನಾಲ್ಕು ಪುಟ. ಈ ಸಲ ವಿಳಾಸ ಬರೆದಿಲ್ಲ.)